ಎಡತುದಿಯ ಎತ್ತರದ ಆಳು

ಹವಾಲ್ದಾರ್ ಮುಕುಂದಯ್ಯನವರು ಬಂದ ಮದುವೆಯಲ್ಲಿ ಫೋಟೋ ತೆಗೆಯುವ ಕಷ್ಟ ನನಗೇ ಗೊತ್ತು. ಎತ್ತರದವರು ಬಲಕ್ಕೆ, ಗಿಡ್ಡವರು ಎಡಕ್ಕೆ. ಸೈನ್ಯದಲ್ಲಿ ಕಲಿತ ಈ ನಿಯಮವನ್ನು ಅವರು ಬೀಗರ ಮೇಲೂ ಹೇರುತ್ತಾರೆ. ಒಮ್ಮೆ ಮದುಮಗನನ್ನೇ ಸಾಲಿನ ತುದಿಗೆ ಅಟ್ಟಿದ್ದರು. ಆದರೂ ಆ ಮುದುಕರೆಂದರೆ ನನಗೆ ಪ್ರೀತಿ.

ಮೊನ್ನೆ ಮಾಜಿ ಸೈನಿಕರ ಸಂಘದವರು ರಿಪ್ಪನ್‌ಪೇಟೆಯ ನನ್ನ ಸ್ಟುಡಿಯೋಕ್ಕೆ ಹಳೆಯ ಫೋಟೋ ಒಂದನ್ನು ತಂದರು. ೧೯೮೫ರ ಸಮಾವೇಶದ್ದು. ದೊಡ್ಡದು ಮಾಡಿ, ಕೆಳಗೆ ಹೆಸರು ಹಾಕಬೇಕಂತೆ. ಎಲ್ಲರಿಗೂ ಒಂದೇ ಟೋಪಿ, ಮುಖಗಳೋ ಮಾಸಿವೆ. ಅದರಲ್ಲಿದ್ದವರ ಪೈಕಿ ಉಳಿದವರು ಮುಕುಂದಯ್ಯ ಒಬ್ಬರೇ. ಹೆಸರು ಹೇಳಲು ಅವರನ್ನೇ ಕರೆತಂದಿದ್ದರು.

ಅವರ ಜೊತೆ ಕಾರ್ಗಲ್‌ನಿಂದ ಯಶೋಧಾ ಎಂಬವರೂ ಬಂದಿದ್ದರು. ತಂದೆ ಸುಬ್ಬಕೃಷ್ಣ ತೀರಿಕೊಂಡಾಗ ಆಕೆ ತೊಟ್ಟಿಲಲ್ಲಿದ್ದರು. ಮನೆಯಲ್ಲಿದ್ದ ಅಪ್ಪನ ಒಂದೇ ಫೋಟೋವನ್ನು, ಇದರದ್ದೇ ಪ್ರತಿಯನ್ನು, ಗೆದ್ದಲು ತಿಂದಿತ್ತು. ಅಪ್ಪನ ಮುಖ ನೋಡಲಿಕ್ಕೆಂದೇ ಬಂದವರು.

ಮುಕುಂದಯ್ಯ ಮುಖ ನೋಡಲೇ ಇಲ್ಲ, ಎತ್ತರ ನೋಡಿ ಹೆಸರು ಹೇಳತೊಡಗಿದರು. "ಬಲತುದಿಗಿರೋನು ಸುಬ್ಬಕೃಷ್ಣ. ಆರಡಿ ಆಳು. ನಾನು ಎಲ್ಲರಿಗಿಂತ ಗಿಡ್ಡ, ಎಡಕ್ಕಿದೀನಿ ನೋಡು."

ಅವರ ಎಡಕ್ಕೂ ಒಬ್ಬ ಎತ್ತರದವನಿದ್ದ.

"ಅವ ಫೌಜಿ ಅಲ್ಲ ಮಾರಾಯ. ಯಾರದ್ದೋ ಟೋಪಿ ಹಾಕ್ಕೊಂಡ ಲಾರಿ ಡ್ರೈವರ್ ಇರ್ಬೇಕು. ಕತ್ತರಿಸಿ ತೆಗಿ."

"ಅವರೇ ನಮ್ಮಪ್ಪ ಸರ್," ಎಂದರು ಯಶೋಧಾ. "ಎಡತುದಿಗಿದಾರೆ ಅಂತ ಅಮ್ಮ ಯಾವಾಗ್ಲೂ ಹೇಳ್ತಿದ್ರು."

"ಸುಬ್ಬಕೃಷ್ಣ ಎಡಕ್ಕೆ ಬರೋದಾ? ಸಾಧ್ಯವೇ ಇಲ್ಲಮ್ಮ."

ನನಗೆ ರೇಗಿತು. ಹೆಂಡತಿಗೆ ಗಂಡನ ಗುರುತು ಸಿಕ್ಕುವುದಿಲ್ಲವೇ? ಕಂಪ್ಯೂಟರಿನಲ್ಲಿ ಆ ತುದಿಯನ್ನೇ ದೊಡ್ಡದು ಮಾಡಿದೆ. ಮುಕುಂದಯ್ಯನವರ ಕಂಕುಳಿನ ಕೆಳಗೆ ಯಾರದೋ ಬೆರಳುಗಳು ಕಂಡವು.

"ಈ ಕೈ ಯಾರದ್ದು ಸರ್?" ಎಂದು ಯಶೋಧಾ ಕೇಳಿದರು.

ಮುದುಕರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಆವತ್ತು ನಂಗೆ ಕೆಟ್ಟ ಜ್ವರ," ಎಂದರು. "ನಿಲ್ಲೋ ತ್ರಾಣ ಇರ್ಲಿಲ್ಲ, ಫೋಟೋ ಬಿಡೋಕೂ ಮನಸ್ಸಿಲ್ಲ. ಬಲತುದಿಯಿಂದ ಓಡಿಬಂದು ನನ್ನನ್ನ ಹಿಡ್ಕೊಂಡು ನಿಂತ. ಸಾಲು ಕೆಡಿಸ್ಬೇಡ ಅಂತ ಅವನಿಗೆ ಬೈದೆ ಬೇರೆ. ಅವನೇ ಕಣಮ್ಮ, ನಿನ್ನಪ್ಪ."

ಯಶೋಧಾ ಪರದೆಯ ಮೇಲಿನ ಮುಖವನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಬಲತುದಿಯ ಹೆಸರು ಅಳಿಸು," ಮುಕುಂದಯ್ಯ ಗದರಿದರು. "ಅವನು ಶ್ರೀಕರ. ಇವನಿಗಿಂತ ಒಂದು ಬೆರಳು ಗಿಡ್ಡ."

ಹೊರಡುವಾಗ, ಹವಾಲ್ದಾರರ ಜೊತೆ ನನ್ನದೊಂದು ಫೋಟೋ ತೆಗೆಯಿರಿ ಎಂದರು ಯಶೋಧಾ. ಅಪ್ಪನ ಎತ್ತರವೇ ಮಗಳಿಗೂ ಬಂದಿದೆ. ನಿಯಮ ಕೇಳಿದ್ದ ಆಕೆ ತಾವಾಗಿಯೇ ಬಲಕ್ಕೆ ನಿಂತರು. ಮುಕುಂದಯ್ಯ ಕೈಹಿಡಿದು ಎಡಕ್ಕೆ ಎಳೆದುಕೊಂಡರು.

"ಸಾಲು ಕೆಡ್ತಲ್ಲ ಹವಾಲ್ದಾರ್ರೇ," ಎಂದು ಕೆಣಕಿದೆ.

"ಕೆಡ್ಲಿ ಬಿಡು. ಅವಳಪ್ಪ ನಿಂತ ಜಾಗ ಅದು. ನೀನು ಫೋಟೋ ತೆಗಿ."