ಗದಿಗೆವ್ವನ ಬೆಲ್ಲದ ಡಬ್ಬಿ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಅಂಗನವಾಡಿ ಇದೆ. ಗದಿಗೆವ್ವ ಇಪ್ಪತ್ತೊಂದು ವರ್ಷಗಳಿಂದ ಅಲ್ಲಿ ಸಹಾಯಕಿ. ಕಸ ಗುಡಿಸುತ್ತಾಳೆ, ಅನ್ನ ಬೇಯಿಸುತ್ತಾಳೆ, ಮೂಗು ಒರೆಸುತ್ತಾಳೆ. ಮಕ್ಕಳಿಗೆ ಅವಳು ಆಯಿ.

ಆ ಮಕ್ಕಳ ತಾಯಂದಿರಲ್ಲಿ ಹೆಚ್ಚಿನವರು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯವರು. ಮಧ್ಯಾಹ್ನ ಬಿಡುವಿನಲ್ಲಿ ಮಕ್ಕಳನ್ನು ನೋಡಿ ಹೋಗಲು ಬರುವಾಗ ಅವರ ಸೆರಗಿನ ತುಂಬ ಖಾರದ ಧೂಳು. ಆ ಸೆರಗು ಹಿಡಿದ ಕೈಯಿಂದ ಮಗು ಕಣ್ಣುಜ್ಜಿಕೊಂಡರೆ ಮುಗಿಯಿತು. ಅದಕ್ಕೆಂದೇ ಬಾಗಿಲ ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಲೋಟ.

ಹೋದ ವರ್ಷ ಅಕ್ಕನ ಕೈ ಹಿಡಿದು ಬರುತ್ತಿದ್ದ ಶಹಬಾಜನಿಗೆ ಆಗ ಒಂದೂವರೆ ವರ್ಷ. ಒಂದು ದಿನ ಯಾವುದೋ ಮಗು ಕಣ್ಣುರಿಯಿಂದ ಅತ್ತಾಗ ಅವನು ತಪ್ಪುಹೆಜ್ಜೆ ಹಾಕುತ್ತ ಹೋಗಿ, ಖಾಲಿ ಲೋಟವನ್ನೇ ತಂದು ಆ ಮಗುವಿನ ಮುಖಕ್ಕೆ ಹಿಡಿದ. ಯಾರೂ ಹೇಳಿರಲಿಲ್ಲ. ಗದಿಗೆವ್ವನ ಎದೆ ತುಂಬಿಬಂತು. ಅವನ ಬಾಯಿಗೆ ಒಂದು ಚೂರು ಬೆಲ್ಲ ಇಟ್ಟು, "ಶಾಣ್ಯಾ ಅದಿ ನನ್ನಪ್ಪಾ" ಅಂದಳು. ಉಳಿದ ಮಕ್ಕಳು ನೋಡಿದವು. ಮಾರನೆಯ ದಿನ ಮನೆಯಿಂದ ಒಂದು ಡಬ್ಬಿ ಬೆಲ್ಲ ತಂದು ಗೋಡೆಯ ಮಾಡದಲ್ಲಿಟ್ಟಳು. ನೀರು ತಂದುಕೊಟ್ಟವರಿಗೆ ಒಂದು ಚೂರು.

ಈ ಸಲದ ಸುಗ್ಗಿಯಲ್ಲಿ ಕಣ್ಣುರಿ ಹೆಚ್ಚಾಯಿತು. ದಿನಕ್ಕೆ ಮೂರು, ನಾಲ್ಕು ಮಕ್ಕಳು ಅಳುತ್ತಿದ್ದವು.

"ಈ ವರ್ಷ ಕಾಯಿ ಭಾಳ ಖಾರ ಬಿಡ್ರಿ," ಅಂದಳು ಗದಿಗೆವ್ವ.

"ನಮ್ಮ ಕಾಯಿಗೆ ಬಣ್ಣ ಅಷ್ಟ, ಅಕ್ಕಾರ, ಖಾರ ಎಲ್ಲೈತಿ? ಇದು ಮಾರ್ಕೆಟ್ಟಿಗೆ ಬಂದ ಆಂಧ್ರದ ಕಾಯಿ ಕಾಟ," ಎಂದು ತಾಯಂದಿರು ನಕ್ಕರು.

ಒಂದು ದಿನ ಅಂಗನವಾಡಿಯ ಟೀಚರ್ ಸಭೆಗೆಂದು ಹಾವೇರಿಗೆ ಹೋಗಿದ್ದರು. ಗದಿಗೆವ್ವ ಅಕ್ಕಿ ತೊಳೆಯುತ್ತ ಸುಮ್ಮನೆ ತಲೆಯೆತ್ತಿದಳು. ಕೂಲಿಯ ದೇವವ್ವನ ಮಗ ಮೈಲೇಶ, ನಾಲ್ಕು ವರ್ಷದವನು, ಗೋಡೆಯ ಮೂಲೆಯಲ್ಲಿ ಮುಷ್ಟಿ ಬಿಚ್ಚಿದ. ಒಳಗೆ ಒಂದು ಒಣಮೆಣಸಿನಕಾಯಿ. ಅದನ್ನು ಮುರಿದು ಬೆರಳಿಗೆ ಒರೆಸಿಕೊಂಡ. ಪಕ್ಕದಲ್ಲಿ ಕೂತಿದ್ದ ಮೂರು ವರ್ಷದ ದೀಪಿಕಾಳ ಗದ್ದ ಹಿಡಿದು, ಕಾಡಿಗೆ ಹಚ್ಚುವವರ ಹಾಗೆ, ಕಣ್ಣಿಗೆ ಹಚ್ಚಿದ.

ದೀಪಿಕಾ ಚೀರಿದಳು. ಆ ಚೀರು ಮುಗಿಯುವ ಮೊದಲೇ ಅವನು ಓಡಿಹೋಗಿ ಲೋಟದಲ್ಲಿ ನೀರು ತಂದಿದ್ದ. ಕಣ್ಣಿಗೆ ಚಿಮುಕಿಸಿದ. "ಅಳಬ್ಯಾಡ, ಅಳಬ್ಯಾಡ," ಅನ್ನುತ್ತ ಉಫ್ ಎಂದು ಊದಿದ. ಆಮೇಲೆ ಗದಿಗೆವ್ವನ ಮುಂದೆ ಬಂದು ಅಂಗೈ ಚಾಚಿದ.

ಗದಿಗೆವ್ವ ಅಕ್ಕಿಯ ಪಾತ್ರೆ ಬಿಟ್ಟು ಎದ್ದಳು. ಅವನನ್ನು ದಾಟಿ ಓಡಿ, ದೀಪಿಕಾಳನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಕಣ್ಣು ತೊಳೆದಳು. ತೊಳೆಯುತ್ತಲೇ ಕೇಳಿದಳು: "ಯಾಕ ಹಚ್ಚಿದಿಯೋ ಆಕಿಗೆ?"

"ಆಕಿ ಅಳಲಿಲ್ಲಂದ್ರ ನೀರು ಹೆಂಗ ಕೊಡ್ಲಿ, ಆಯಿ?"

ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ಅಂಗೈ ಇನ್ನೂ ಚಾಚಿಯೇ ಇತ್ತು.

ಮಧ್ಯಾಹ್ನ ತಾಯಂದಿರು ಬಂದಾಗ ಮಕ್ಕಳೇ ಎಲ್ಲ ಹೇಳಿಬಿಟ್ಟವು. ಮಗಳ ಊದಿದ ಕಣ್ಣು ನೋಡಿ ದೀಪಿಕಾಳ ತಾಯಿ ಶಿಲ್ಪಾ ಗದಿಗೆವ್ವನ ಕಡೆ ತಿರುಗಿದಳು. "ಇವ ಇಲ್ಲಿದ್ರ ನನ್ನ ಮಗಳು ಬರಂಗಿಲ್ರಿ. ಇವನ್ನ ಬಿಡಿಸ್ರಿ."

"ಬಿಡಿಸಿ ಎಲ್ಲಿ ಇಟ್ಕೊಳ್ಳಲಿ? ಕಾಯಿ ರಾಶಿ ಮ್ಯಾಲೆ ಕುಂದ್ರಸ್ಲೇನು?" ಎನ್ನುತ್ತ ದೇವವ್ವ ಮಗನ ಮೇಲೆ ಕೈ ಎತ್ತಿದಳು.

ಗದಿಗೆವ್ವ ಆ ಕೈ ಹಿಡಿದಳು. ಮಾಡದಿಂದ ಡಬ್ಬಿ ತಂದು ಇಬ್ಬರ ನಡುವೆ ಇಟ್ಟಳು. "ಹೊಡಿಯೋದಾದ್ರ ನನಗ ಹೊಡಿ, ತಂಗಿ. ಯಾರರ ಅತ್ರ ಬೆಲ್ಲ ಸಿಗತೈತಿ ಅಂತ ಕಲಿಸಿದಾಕಿ ನಾನು."

"ಹುಡುಗಗ ಬುದ್ಧಿ ಇಲ್ಲ ಖರೆ. ನಿಮಗೂ ಇರಲಿಲ್ಲೇನ್ರಿ?" ಅಂದಳು ಶಿಲ್ಪಾ.

"ಇರಲಿಲ್ಲವ್ವಾ."

ಶಿಲ್ಪಾ ಡಬ್ಬಿಯನ್ನು ನೋಡಿದಳು, ಹುಡುಗನನ್ನು ನೋಡಿದಳು. "ಎಂಟು ದಿನ ನೋಡ್ತೇನಿ," ಎಂದಳು ಕೊನೆಗೆ.

ಅವರು ಕೆಲಸಕ್ಕೆ ಮರಳಿದ ಮೇಲೆ ಗದಿಗೆವ್ವ ದೀಪಿಕಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಣ್ಣಿಗೆ ಒದ್ದೆ ಬಟ್ಟೆ ಇಟ್ಟಳು. ಮೈಲೇಶನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ನೀರು ಕೊಟ್ಟ ಕೂಡಲೇ ಬೆಲ್ಲಕ್ಕೆ ಓಡುತ್ತಿದ್ದವನು, ಉರಿ ಎಷ್ಟು ಹೊತ್ತು ಇರುತ್ತದೆಂದು ಒಮ್ಮೆಯೂ ಕಂಡಿರಲಿಲ್ಲ. ಈಗ ಕಂಡ. "ಇನ್ನೂ ಉರೀತೈತೇನು?" ಎಂದ. ಮತ್ತೆ ಕೇಳಿದ. ಮೂರನೆಯ ಸಲ ಕೇಳುವಾಗ ಅವನ ತುಟಿ ಅದುರುತ್ತಿತ್ತು.

ಡಬ್ಬಿ ಮನೆಗೆ ಹೋಯಿತು.

ಆರನೆಯ ದಿನ, ತಾಯಂದಿರು ಬರುವ ಹೊತ್ತಿಗೆ, ದೀಪಿಕಾ ಹೊಸ್ತಿಲು ಎಡವಿ ಬಿದ್ದಳು. ಮೈಲೇಶ ಅಲ್ಲೇ ನಿಂತಿದ್ದ. ಗದಿಗೆವ್ವನ ಕಣ್ಣು ಮೊದಲು ಹೋದದ್ದು ಬಿದ್ದವಳ ಮೊಣಕಾಲಿಗಲ್ಲ, ಅವನ ಕೈಗೆ. ಹಾಗೆ ನೋಡಿದ್ದಕ್ಕೆ ಅವಳೇ ಬೆಚ್ಚಿದಳು. ನಾಲ್ಕು ವರ್ಷದ ಕೂಸನ್ನು ಹೀಗೆ ನೋಡುವ ಕಣ್ಣು ತನಗೆ ಯಾವಾಗ ಬಂತು?

ಮೈಲೇಶ ದೀಪಿಕಾಳನ್ನು ಎತ್ತಲಿಲ್ಲ. ತಿರುಗಿ ಓಡಿದ. ಅಯ್ಯೋ, ಅಂದುಕೊಂಡಳು ಗದಿಗೆವ್ವ.

ಅವನು ಓಡಿದ್ದು ನಲ್ಲಿಗೆ. ಎರಡೂ ಕೈ ತೊಳೆದ. ಮೂಸಿ ನೋಡಿದ. ಮತ್ತೆ ತೊಳೆದ. ಚಡ್ಡಿಗೆ ಒರೆಸಿಕೊಂಡು ಬಂದು ದೀಪಿಕಾಳ ಮುಂದೆ ಕೈ ಚಾಚಿದ. ಅವಳು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಿಡಿದು ಎದ್ದಳು. ಅವನು ಡಬ್ಬಿಯಿರುತ್ತಿದ್ದ ಮಾಡದ ಕಡೆ ನೋಡಲಿಲ್ಲ.

ಬಾಗಿಲಲ್ಲಿ ಶಿಲ್ಪಾ ನಿಂತಿದ್ದಳು. ಮಗಳನ್ನು ಎತ್ತಿಕೊಳ್ಳಲು ಬಗ್ಗಿದವಳು, ತನ್ನ ಕೆಂಪು ಅಂಗೈಗಳನ್ನು ನೋಡಿ ತಡೆದು, ನಲ್ಲಿಯ ಕಡೆ ಹೋದಳು.