ಭಾವನ ಮೂಗು, ಮೀಟರಿನ ಮುಳ್ಳು

ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಕಾರಿನ ಎಂಜಿನ್ ಟ್ಯೂನ್ ಮಾಡುವವರು. ಕೆಳಗೆ ಅವರ ಗ್ಯಾರೇಜು, ಮೇಲೆ ನಮ್ಮೆಲ್ಲರ ಮನೆ. ಬೀದಿಯವರ ಬಾಯಲ್ಲಿ ಅವರು ‘ಮೂಗು ಮೇಸ್ತ್ರಿ’. ಎಂಜಿನ್ ಚಾಲೂ ಮಾಡಿಸಿ, ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಒಮ್ಮೆ ಉಸಿರೆಳೆದರೆ ಸಾಕು, ಪೆಟ್ರೋಲು ಹೆಚ್ಚೋ ಗಾಳಿ ಹೆಚ್ಚೋ ಹೇಳಿಬಿಡುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹಾಲು ತಳ ಹಿಡಿದದ್ದು ಒಲೆಯ ಎದುರಿಗಿದ್ದ ನನಗಿಂತ ಮೊದಲು ಕೆಳಗಿದ್ದ ಅವರಿಗೆ ಗೊತ್ತಾಗಿತ್ತು. “ಹಾಲು ಹೋಯ್ತು ಕಣಮ್ಮಾ, ಪಾತ್ರೆನಾದ್ರೂ ಉಳಿಸ್ಕೋ!” ಎಂದು ಕೂಗಿದ್ದರು.

ಹೋದ ಚಳಿಗಾಲದಲ್ಲಿ ಅವರಿಗೆ ಒಂದು ಜ್ವರ ಬಂತು. ಜ್ವರ ಬಿಟ್ಟಿತು, ಅದರ ಜೊತೆ ಹೋದ ವಾಸನೆ ಹಿಡಿಯುವ ಶಕ್ತಿ ಮಾತ್ರ ಮರಳಲಿಲ್ಲ. ಪೆಟ್ರೋಲಿನ ಡಬ್ಬಿಗೆ ಮೂಗು ತಾಗಿಸಿದರೂ ಅವರಿಗೆ ನೀರು ಮೂಸಿದ ಹಾಗೆ. ಊಟದ ತಟ್ಟೆಯ ಮುಂದೆ ಕೂತು, “ಉಪ್ಪು ಖಾರ ಬಿಟ್ರೆ ಇನ್ನೇನೂ ಇಲ್ಲ ಇದರಲ್ಲಿ” ಎಂದು ರೇಗುತ್ತಿದ್ದರು. ಅಡುಗೆ ಮಾಡಿದವಳಿಗೂ ಹೊಟ್ಟೆ ಉರಿಯುವುದಿಲ್ಲವೇ? ಆದರೂ ಸುಮ್ಮನಿರುತ್ತಿದ್ದೆ.

ನಮ್ಮವರು ಅಣ್ಣನಿಗೆಂದು ಒಂದು ಮೀಟರು ತಂದುಕೊಟ್ಟರು. ಸೈಲೆನ್ಸರಿನ ಕೊಳವೆಗೆ ತೂತು ಕೊರೆದು ಅದರಲ್ಲಿ ಆಕ್ಸಿಜನ್ ಸೆನ್ಸರ್ ಕೂರಿಸಬೇಕು. ಹೊಗೆಯಲ್ಲಿ ಉರಿಯದೆ ಉಳಿದ ಆಮ್ಲಜನಕ ಎಷ್ಟಿದೆ ಎಂದು ಅದು ನೋಡುತ್ತದೆ. ಮೀಟರಿನ ಮುಳ್ಳು ಬಲಕ್ಕೆ ವಾಲಿದರೆ ಎಂಜಿನ್ನಿಗೆ ಗಾಳಿ ಹೆಚ್ಚು, ಎಡಕ್ಕೆ ವಾಲಿದರೆ ಪೆಟ್ರೋಲು ಹೆಚ್ಚು, ನಡುವೆ ನಿಂತರೆ ಸರಿ. “ಮೂಗಿಲ್ಲದವನಿಗೆ ಮರದ ಮೂಗು” ಎಂದು ಭಾವ ಗೊಣಗಿದರೂ ಕೊಳವೆ ಬಿಚ್ಚಿ, ಸೆನ್ಸರಿಗೆ ನಟ್ಟು ಬೆಸೆದು, ಮತ್ತೆ ಜೋಡಿಸಿದರು. ಹೀಗೆ ಸೆನ್ಸರ್ ಕೂರಿಸಿದ ಮೊದಲ ಗಾಡಿ ಒಬ್ಬ ಹಳೇ ಗಿರಾಕಿಯ ಟ್ಯಾಕ್ಸಿ.

ಅಲ್ಲಿಂದ ಶುರುವಾಯಿತು ನೋಡಿ ಗೋಳು. ಮುಳ್ಳು ಬಲಕ್ಕೆ ವಾಲಿತು. ಭಾವ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲು ಹೆಚ್ಚಿಸಿದರು. ಆಗಲೂ ಬಲಕ್ಕೇ. ಇನ್ನಷ್ಟು ಹೆಚ್ಚಿಸಿದರು. ಗಾಡಿ ಹೋಯಿತು, ಕೆಮ್ಮುತ್ತಾ ವಾಪಸ್ ಬಂತು. ಪ್ಲಗ್ಗು ಬಿಚ್ಚಿದರೆ ಕಾಡಿಗೆ ಡಬ್ಬಿ. ಒರೆಸಿ ಹಾಕಿದರು, ಮತ್ತೆ ಹೋಯಿತು, ಮತ್ತೆ ಬಂತು.

“ಮೇಸ್ತ್ರಿ, ನಂದು ಟ್ಯಾಕ್ಸಿನೋ ಹೊಗೆ ಬಿಡೋ ಇಟ್ಟಿಗೆ ಗೂಡೋ? ಹತ್ತಿದವ್ರೆಲ್ಲ ಕರ್ಚೀಫು ಹಿಡ್ಕೊಂಡು ಇಳೀತಾರೆ,” ಎಂದ ಡ್ರೈವರ್. “ಇವತ್ತು ಸಂಜೆಗೆ ಸರಿಯಾಗ್ಲಿಲ್ಲ ಅಂದ್ರೆ ಬೇರೆ ಕಡೆ ಒಯ್ತೀನಿ. ಬೇಜಾರು ಮಾಡ್ಕೋಬೇಡಿ.”

ಭಾವ ಮೇಲೆ ಬಂದು ಊಟಕ್ಕೆ ಕೂರಲೇ ಇಲ್ಲ. “ಆ ಗಾಡಿ ಬೇರೆಯವರ ಹತ್ರ ಹೋದ್ರೆ ನಾಳೆಯಿಂದ ಶಟರ್ ಎತ್ತಲ್ಲ. ಕುರುಡ ಚಿತ್ರ ಬರೆದ ಹಾಗಾಯ್ತು ನನ್ನ ಕೆಲಸ,” ಎಂದು ಅಕ್ಕನಿಗೆ, ಎಂದರೆ ತಮ್ಮ ಹೆಂಡತಿಗೆ, ಹೇಳಿ ಇಳಿದು ಹೋದರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ ಮನುಷ್ಯ ಹೆದರಿಸಲು ಮಾತಾಡುವವರಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನನಗೆ ಮರುಕ ಒಂದು ಕಡೆ, ಸಿಟ್ಟು ಇನ್ನೊಂದು ಕಡೆ. ಒಗೆದು ಹರಡಿದ ನನ್ನ ಮಗುವಿನ ಬಟ್ಟೆಯೆಲ್ಲ ಪೆಟ್ರೋಲು ನಾರುತ್ತಿತ್ತು. ಮಗುವನ್ನು ಸೊಂಟಕ್ಕೇರಿಸಿ ಕೆಳಗಿಳಿದೆ.

“ಭಾವ, ಪೆಟ್ರೋಲು ಜಾಸ್ತಿ ಆಗಿದೆ. ಕಣ್ಣೆಲ್ಲ ಉರೀತಿದೆ.”

“ಮೀಟರು ಕಮ್ಮಿ ಅಂತಿದೆ. ಅದು ಸುಳ್ಳು ಹೇಳುತ್ತಾ?”

“ಅದು ಮಗುವಿನ ಬಟ್ಟೆ ಒಗೆಯಲ್ಲ ಅಲ್ವಾ?”

“ಎಲ್ಲಾರಿಗೂ ಮೂಗಿದೆ, ನನಗೊಬ್ಬನಿಗೆ ಇಲ್ಲ. ಹೇಳು, ಹೇಳು!” ಕೈಲಿದ್ದ ಸ್ಪ್ಯಾನರ್ ಬೆಂಚಿನ ಮೇಲೆ ಕುಕ್ಕಿದರು. ಮಗು ಬೆಚ್ಚಿ ಅಳತೊಡಗಿತು. ಅವರ ಮುಖ ಸಣ್ಣಗಾಯಿತು.

ನಾನು ಮಗುವನ್ನು ಸಮಾಧಾನ ಮಾಡುತ್ತಾ, ಚಾಲೂ ಇದ್ದ ಟ್ಯಾಕ್ಸಿಯ ಬಾನೆಟ್ಟಿನ ಕಡೆ ಸರಿದೆ. ಅಲ್ಲೂ ಅದೇ ಹೊಗೆ, ಅದೇ ಘಾಟು. “ಹೊಗೆ ಹಿಂದಿನಿಂದ ಬರ್ಬೇಕಲ್ವಾ? ಇಲ್ಲಿ ಮುಂದ್ಗಡೆನೂ ನಾರ್ತಿದೆಯಲ್ಲ,” ಎಂದೆ.

ಭಾವ ಎಂಜಿನ್ ನಿಲ್ಲಿಸಿದರು. ಬಗ್ಗಿ ಕೊಳವೆಯ ಜೋಡಣೆಗಳನ್ನು ನೋಡಿದರು. ಆಮೇಲೆ, “ಸೋಪಿನ ನೀರು ತಾ,” ಎಂದರು.

ಮಗುವಿನ ಸ್ನಾನದ ಮಗ್ಗಿನಲ್ಲೇ ಕದಡಿ ತಂದೆ. ಎಂಜಿನ್ ತಣ್ಣಗಾದ ಮೇಲೆ ಸೈಲೆನ್ಸರಿನ ಬಾಲಕ್ಕೆ ಬಟ್ಟೆ ಸುತ್ತಿದ ಕಂಪ್ರೆಸರ್ ಪೈಪು ತುರುಕಿ ಗಾಳಿ ಬಿಟ್ಟರು, ಮುಂದಿನ ಜೋಡಣೆಗಳ ಮೇಲೆಲ್ಲ ನೀರು ಸುರಿದರು. ಎಂಜಿನ್ನಿಗೆ ಕೊಳವೆ ಸೇರುವ ಕಡೆ ಬುಳುಬುಳು ಗುಳ್ಳೆ ಎದ್ದಿತು. ಮಗು ಅಳು ಮರೆತು ಕೈಚಾಚಿತು.

ಸೆನ್ಸರ್ ಕೂರಿಸಲು ಕೊಳವೆ ಬಿಚ್ಚಿದಾಗ ಸಂದು ಸೋರದಂತೆ ಅಲ್ಲಿ ಇಟ್ಟಿದ್ದ ಹಳೇ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದ್ದರು. ಅದು ಸೀಳಿಹೋಗಿತ್ತು. ಸೀಳಿನಿಂದ ಹೊಗೆ ಹೊರಕ್ಕೆ, ಹೊರಗಿನ ಗಾಳಿ ಒಳಕ್ಕೆ. ಆ ಗಾಳಿಯ ಆಮ್ಲಜನಕವನ್ನೂ ಎಂಜಿನ್ನಿನದೇ ಎಂದು ಸೆನ್ಸರ್ ಲೆಕ್ಕ ಹಿಡಿದಿತ್ತು. ಪೆಟ್ರೋಲು ಎಷ್ಟು ಸುರಿದರೂ ಮುಳ್ಳು ಬಲಕ್ಕೇ ವಾಲುತ್ತಿದ್ದುದು ಅದಕ್ಕೆ.

“ಸೋರಿಕೆ ಹುಡುಕೋ ಅಭ್ಯಾಸನೇ ಇಲ್ಲ ನನಗೆ,” ಎಂದರು ಭಾವ, ಗುಳ್ಳೆಗಳನ್ನೇ ನೋಡುತ್ತಾ. “ಮೊದಲೆಲ್ಲ ಬಾನೆಟ್ ಎತ್ತಿದ್ರೆ ಮೂಗಿಗೇ ಗೊತ್ತಾಗ್ತಿತ್ತು. ಥೂ!”

ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಮುಳ್ಳು ಎಡಕ್ಕೆ ಧೊಪ್ಪೆಂದು ಬಿತ್ತು. ಸುರಿದ ಪೆಟ್ರೋಲನ್ನೆಲ್ಲ ತಗ್ಗಿಸುತ್ತಾ ಅದನ್ನು ನಡುವಿಗೆ ತರುವಷ್ಟರಲ್ಲಿ ಸಂಜೆಯಾಗಿ ಡ್ರೈವರ್ ಬಂದ. ಗಾಡಿ ಓಡಿಸಿ ಬಂದು, “ಈಗ ಮನುಷ್ಯರು ಕೂರೋ ಗಾಡಿ ಆಯ್ತು ಮೇಸ್ತ್ರಿ,” ಎಂದು ನಗುತ್ತಾ ಹೊರಟ.

ಭಾವ ಮಾತ್ರ ನಗಲಿಲ್ಲ. “ಇನ್ಮೇಲೆ ಪ್ರತಿ ಗಾಡಿಗೂ ನೀನು ಬಂದು ಮೂಸ್ಬೇಕೇನೋ,” ಎಂದರು.

ಅಯ್ಯೋ ಪಾಪ ಎಂದರೆ ಅವರು ಇನ್ನಷ್ಟು ಕುಗ್ಗುತ್ತಾರೆ. “ಆಗಲ್ಲ ಭಾವ, ನನಗೆ ಬೇಕಾದಷ್ಟು ಕೆಲಸ ಇದೆ. ಸೋಪಿನ ನೀರು ನೀವೇ ಕದಡ್ಕೊಳ್ಳಿ,” ಎಂದೆ.

ದುರುಗುಟ್ಟಿ ನೋಡಿದರು. ಆಮೇಲೆ ಬೆಂಚಿನ ಮೇಲಿದ್ದ ಮಗ್ಗನ್ನು ತಮ್ಮ ಕಡೆ ಎಳೆದುಕೊಂಡು, “ಇದು ಇಲ್ಲೇ ಇರ್ಲಿ. ನಾಳೆ ಬೆಳಿಗ್ಗೆ ಇನ್ನೊಂದು ಗಾಡಿ ಬರುತ್ತೆ,” ಎಂದರು.

“ಮಗುಗೆ ಸ್ನಾನ?”

“ಚೊಂಬಲ್ಲಿ ಹಾಕು ಹೋಗಮ್ಮ,” ಎಂದು ಗದರಿ ಮೂಲೆಯಲ್ಲಿ ಬಾನೆಟ್ ಮುಚ್ಚಿ ನಿಂತಿದ್ದ ಬೇರೊಂದು ಕಾರಿನತ್ತ ನಡೆದರು. ಒಂದು ಒಳ್ಳೇ ಮಾತು ಬರಲಿಲ್ಲ ಆ ಬಾಯಿಂದ. ಅಕ್ಕ ಮಾತ್ರ ಮೇಲಿನಿಂದ ಬಗ್ಗಿ ನೋಡಿ ಭಾವನ ಊಟಕ್ಕೆ ತಟ್ಟೆ ಇಟ್ಟರು.