ಗಾಯಕ್ಕೆ ಮೆತ್ತಿದ ಜೇಡಿಮಣ್ಣು

ಸಾರ್ವಜನಿಕ ಉದ್ಯಾನದ ಮುಖ್ಯಸ್ಥೆಯಾದ ಮೇಲೆ ಮೇಡಂ ತಂದದ್ದು ಒಂದೇ ಒಂದು ಕಟ್ಟಳೆ. ವರ್ಷದ ಕೊನೆಯ ದಿನ ಎಲ್ಲರೂ ಸಸಿಮನೆಯಲ್ಲಿ ಖಾಲಿ ಕುಂಡಗಳನ್ನು ಬೋರಲು ಹಾಕಿಕೊಂಡು ಕೂತು, ತಮ್ಮ ಕೈಯಲ್ಲಿ ಸತ್ತ ಗಿಡಗಳ ಸುದ್ದಿ ಹೇಳಬೇಕು. ಅರಳಿದ್ದರ ಸುದ್ದಿ ಆಮೇಲೆ. ಅದನ್ನು ಹೇಳಿಕೊಳ್ಳಲು ಯಾರಿಗೂ ಒತ್ತಾಯ ಬೇಕಿಲ್ಲ ನೋಡಿ. ನೀರು ಮರೆತವರು, ಗೊಬ್ಬರ ಸುರಿದು ಬೇರು ಸುಟ್ಟವರು, ಎಲ್ಲರೂ ತಲೆ ಕೆರೆದುಕೊಳ್ಳುತ್ತ ಒಪ್ಪಿಕೊಳ್ಳುತ್ತಿದ್ದರು. ಬೈಗುಳವಿಲ್ಲ, ಚಹಾ ಉಂಟು. ಮೊದಲ ಸರದಿ ಯಾವಾಗಲೂ ಮೇಡಂ ಅವರದೇ. ಮೇಲಿನವರು ತಪ್ಪು ಒಪ್ಪಿದರೆ ಉಳಿದವರ ನಾಲಿಗೆ ತಾನಾಗಿ ಸಡಿಲವಾಗುತ್ತದೆ ಎಂದು ಅವರು ನಂಬಿದ್ದರು.

ಈ ವರ್ಷ ಅವರು ಹೇಳಬೇಕಾಗಿದ್ದದ್ದು ದೊಡ್ಡ ಸಾವು. ಕೊಡೆಮರ. ಮಕ್ಕಳಿಟ್ಟ ಹೆಸರು ಅದು. ಅರ್ಧ ಉದ್ಯಾನಕ್ಕೆ ನೆರಳು ಹಾಸಿದ್ದ ಮರ ಬೇಸಿಗೆಯಲ್ಲಿ ಎಲೆ ಉದುರಿಸಿ, ಮತ್ತೆ ಚಿಗುರಲೇ ಇಲ್ಲ. ಹಿಂದಿನ ವರ್ಷ ಗಾಲಿಕುರ್ಚಿಯವರಿಗೆಂದು ಅದರ ಬುಡದ ಪಕ್ಕ ಕಲ್ಲಿನ ಹಾದಿ ಹಾಕಿಸಿದ್ದು ಮೇಡಂ ಅವರೇ. ಬೇರಿಗೆ ಉಸಿರು ಕಟ್ಟಿತು, ನಾನೇ ಕೊಂದೆ ಎಂದು ಅವರು ತೀರ್ಮಾನಿಸಿಬಿಟ್ಟರು. ಪುರಸಭೆಯವರ ಮುಂದೆ ಹಾಗೆಯೇ ಹೇಳಿ ಛೀಮಾರಿ ಹಾಕಿಸಿಕೊಂಡರು. ಹಾದಿಯನ್ನು ಕೀಳಿಸಿದರು. ದಿನಾ ಸಂಜೆ ಮಗಳೊಂದಿಗೆ ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಅಜ್ಜಿ ಆಮೇಲೆ ಬರುವುದನ್ನು ಬಿಟ್ಟಳು.

"ಮನೆಗೆ ಬಂದ್ಮೇಲೂ ಆ ಮರಾನ ತಲೆ ಮೇಲೆ ಹೊತ್ಕೊಂಡೇ ಇರ್ತೀಯಲ್ಲ," ಎಂದು ಗಂಡ ಒಂದು ರಾತ್ರಿ ಊಟಕ್ಕೆ ಕೂತಾಗ ಅಂದರು. "ತಟ್ಟೆ ಹಾಕಿದೀನಿ, ಕೆಳಗಿಳಿಸು."

ಉದ್ಯಾನದಲ್ಲಿ ಸಮಾಧಾನ ಹೇಳುತ್ತಿದ್ದವನು ಗುಲಾಬಿ ಮೇಸ್ತ್ರಿ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಬುತ್ತಿ ಹಂಚಿಕೊಂಡವರು. ಎಲ್ಲರಿಗೂ ಮೇಡಂ ಆದವರು ಅವನಿಗೆ ಮಾತ್ರ ಅಕ್ಕ. "ಮನಸ್ಸಿಗೆ ಹಚ್ಕೋಬೇಡಿ ಅಕ್ಕ, ಮರಕ್ಕೂ ವಯಸ್ಸಾಗುತ್ತೆ," ಎನ್ನುತ್ತ ಬುಡದ ಬೆಂಚಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದ. ಆ ಮಾತು ಕೇಳಿದಾಗೆಲ್ಲ ಅವರ ಕಣ್ಣು ತುಂಬುತ್ತಿತ್ತು. ಒಡಹುಟ್ಟಿದ ತಮ್ಮನೂ ಇಷ್ಟು ವಿಚಾರಿಸಿಕೊಳ್ಳುತ್ತಿರಲಿಲ್ಲ ಅನ್ನಿಸುತ್ತಿತ್ತು. ಮರ ಬೋಳಾದ ಮೇಲೆ ಅವನ ಮಡಿಗಳಿಗೆ ಬಿಸಿಲು ಬಿದ್ದು ಗುಲಾಬಿ ಹಿಂದೆಂದೂ ಇಲ್ಲದಷ್ಟು ಅರಳಿದ್ದನ್ನು ಅವರೂ ನೋಡಿದ್ದರು. ಸದ್ಯ, ಒಬ್ಬರಿಗಾದರೂ ಒಳ್ಳೆಯದಾಯಿತಲ್ಲ ಎಂದುಕೊಂಡಿದ್ದರು, ಪಾಪ.

ಕೊನೆಯ ದಿನದ ಬೆಳಿಗ್ಗೆ ಮರ ಕಡಿಯುವವರು ಬುಡಕ್ಕೆ ಹಬ್ಬಿದ ಬಳ್ಳಿಯನ್ನು ಎಳೆದು ಹಾಕಿದಾಗ ಮೇಡಂ ಅಲ್ಲೇ ನಿಂತಿದ್ದರು. ತೊಗಟೆಯ ಸುತ್ತಲೂ ಬೆರಳು ತೂರುವಷ್ಟು ತೂತುಗಳು. ಯಾರೋ ಕೊರೆದು ಒಳಗೆ ವಿಷ ಹೊಯ್ದಿದ್ದಾರೆ. ತೂತುಗಳ ಬಾಯಿ ಮಾತ್ರ ಅಂದವಾಗಿ ಮುಚ್ಚಿತ್ತು. ಒಂದು ಬಿರಡೆಯನ್ನು ಉಗುರಿನಿಂದ ಕೆದರಿ ತೆಗೆದರು. ಹಳದಿ ಜೇಡಿ, ಅದರಲ್ಲಿ ಇದ್ದಿಲ ಪುಡಿ. ಗುಲಾಬಿ ಕಡ್ಡಿ ಕತ್ತರಿಸಿದ ಮೇಲೆ ಗಾಯಕ್ಕೆ ಮೇಸ್ತ್ರಿ ಮೆತ್ತುತ್ತಿದ್ದ ಜೇಡಿ. ಉದ್ಯಾನದಲ್ಲಿ ಬೇರೆ ಯಾರೂ ಹಾಗೆ ಕಲಸುವುದಿಲ್ಲ. ಕತ್ತರಿಸಿದ್ದನ್ನು ತೆರೆದು ಬಿಟ್ಟು ಹೋದರೆ ಆ ಪುಣ್ಯಾತ್ಮನಿಗೆ ನಿದ್ದೆ ಬರುವುದಿಲ್ಲ. ಕೊಲ್ಲಲು ಕೊರೆದ ಗಾಯಕ್ಕೂ ಕೈ ರೂಢಿಯಂತೆ ಮದ್ದು ಮೆತ್ತಿ ಬಂದಿತ್ತು.

ನಂಬಿಸಿ ಕುತ್ತಿಗೆ ಕೊಯ್ಯುವುದು ಎನ್ನುತ್ತಾರಲ್ಲ, ಅದರ ಅರ್ಥ ಮೇಡಂಗೆ ಅಲ್ಲಿ ಆಯಿತು. ಅದೇ ಬೆಂಚಿನ ಮೇಲೆ ಕೂತರು. ಆದರೂ ಒಂದು ಆಸೆ ಉಳಿಯಿತು: ಸಂಜೆ ಅವನೇ ಹೇಳಿದರೆ? ಅವನೇ ಬಾಯಿ ಬಿಟ್ಟರೆ ಹೊಟ್ಟೆಗೆ ಹಾಕಿಕೊಳ್ಳೋಣ ಎಂದು ಬಿರಡೆಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡರು.

ಸಂಜೆ ಎಲ್ಲರೂ ಕುಂಡಗಳ ಮೇಲೆ ಕೂತರು. "ಈ ಸಲ ನಾನು ಕೊನೆಗೆ ಹೇಳ್ತೀನಿ," ಎಂದರು ಮೇಡಂ. ಜರೀಗಿಡದವಳು ಹೇಳಿದಳು, ಹುಲ್ಲುಹಾಸಿನವನು ಹೇಳಿದ. ಮೇಸ್ತ್ರಿಯ ಸರದಿ ಬಂತು. ಪ್ರತಿ ವರ್ಷ ಒಣಗಿದ ಒಂದೊಂದು ಕಡ್ಡಿಯನ್ನೂ ನೆನೆದು ಹೇಳುತ್ತಿದ್ದವನು ಲೋಟದೊಳಗೆ ನೋಡುತ್ತ, "ನನ್ನ ಕೈಯಲ್ಲಿ ಈ ವರ್ಷ ಒಂದೂ ಸತ್ತಿಲ್ಲ," ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೇಡಂ ಇನ್ನೊಂದು ಅವಕಾಶ ಕೊಟ್ಟರು. "ನನ್ನ ಕೈಯಲ್ಲಿ ಒಂದು ಸತ್ತಿದೆ. ಕೊಡೆಮರ."

"ಅಯ್ಯೋ, ಅದು ನಿಮ್ಮ ತಪ್ಪಲ್ಲ ಅಕ್ಕ," ಎಂದ ಮೇಸ್ತ್ರಿ, ಎಂದಿನ ಅದೇ ಮೆದು ದನಿಯಲ್ಲಿ.

ಮೇಡಂ ಎದ್ದು ಹೋಗಿ ಅವನ ಅಂಗೈ ಬಿಡಿಸಿ ಬಿರಡೆಯನ್ನು ಇಟ್ಟರು. ಅವನು ನೋಡಿದ. ಮುಖ ಬಿಳಿಚಿತು.

"ಬಿಸಿಲಿಲ್ದೆ ಗಿಡಗಳು ಕೊರಗ್ತಿದ್ವು ಅಕ್ಕ. ಕೇಳಿದ್ರೆ ನೀವು ಬೇಡ ಅಂತಿದ್ರಿ."

"ಅಂತಿದ್ದೆ. ಜಗಳ ಆಡ್ತಿದ್ವಿ, ಮಾರನೇ ದಿನ ಮತ್ತೆ ಒಟ್ಟಿಗೆ ಊಟ ಮಾಡ್ತಿದ್ವಿ." ಮೇಡಂ ದನಿ ಏರಿಸಲಿಲ್ಲ. "ಮರದ ಮಾತು ಹಾಗಿರಲಿ. ನಾನು ಹಾದಿ ಕೀಳಿಸ್ತಿದ್ದಾಗ ನೀನೂ ಕಲ್ಲು ಹೊತ್ತೆ. ಆಗಲೂ ತುಟಿ ಬಿಚ್ಚಲಿಲ್ಲ."

ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಎಲ್ಲರ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರು, ತಾವೇ ಕೆಲಸ ಕಲಿಸಿದವರು, ಕೈಹಿಡಿದು ನಡೆಸಿದವರು.

"ಇಲ್ಲಿ ಯಾರು ಏನು ಹೇಳಿದ್ರೂ ನಾನು ನಂಬ್ತಿದ್ದೆ," ಎಂದರು. "ಮುಂದಿನ ವರ್ಷ ಒಬ್ಬೊಬ್ಬರು ಹೇಳಿದ ಮೇಲೂ ಹೋಗಿ ಬುಡ ಕೆದರಿ ನೋಡ್ಬೇಕಾಗುತ್ತೆ."

ಕುಂಡವನ್ನು ಎತ್ತಿ ಅದರ ಜಾಗದಲ್ಲಿಟ್ಟು ಅವರು ಹೊರಟರು. ಅರಳಿದ್ದರ ಸುದ್ದಿಯನ್ನು ಆ ವರ್ಷ ಯಾರೂ ಹೇಳಲಿಲ್ಲ.